ಪಾಳಿಗೆ ನಿಂತ ಟವೆಲ್ಲು

ಬಸ್ಸಿನ ಕಿಟಕಿಯಿಂದ ಒಳಗೆ ಹಾರಿ ಸೀಟಿನ ಮೇಲೆ ಬಿದ್ದ ಟವೆಲ್ಲಿಗೆ ನಮ್ಮ ಸೀಮೆಯಲ್ಲಿ ಸಲ್ಲುವ ಗೌರವ, ಅದೇ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ ಮನುಷ್ಯನಿಗೆ ಸಲ್ಲುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಮನುಷ್ಯನನ್ನು ನೂಕಬಹುದು, ಅವನ ಕಾಲು ತುಳಿಯಬಹುದು, ‘ಸ್ವಲ್ಪ ಸರೀರಿ’ ಎನ್ನುತ್ತ ಅವನ ಪಕ್ಕೆಲುಬುಗಳ ನಡುವೆ ಮೊಣಕೈಯನ್ನು ಬೆಣೆಯಂತೆ ಹೊಡೆಯಬಹುದು; ಆದರೆ ಟವೆಲ್ಲನ್ನು ಯಾರೂ ಮುಟ್ಟುವುದಿಲ್ಲ. ಅದರ ಒಡೆಯ ಕೆಳಗೆ ನಿಂತು ಚಹಾ ಕುಡಿದು, ಎಲೆಯಡಿಕೆ ಹಾಕಿಕೊಂಡು, ಎರಡು ಊರಿನ ರಾಜಕೀಯ ಮುಗಿಸಿ ಬರುವವರೆಗೆ ಅದು ಸೀಟಿನ ಮೇಲೆ ಪದ್ಮಾಸನ ಹಾಕಿ ಕೂತಿರುತ್ತದೆ. ಇಂಡಿಯಲ್ಲಿ ಕಿಸೆಯ ದಸ್ತಿ ಒಳಗೆ ಹೋದದ್ದನ್ನು, ಮುದ್ದೇಬಿಹಾಳದಲ್ಲಿ ಬುತ್ತಿಯ ಗಂಟು ಹೋದದ್ದನ್ನು, ಬಸವನ ಬಾಗೇವಾಡಿಯಲ್ಲಿ ಒಂಟಿ ಚಪ್ಪಲಿ ಹೋಗಿ ಅದರ ಜೋಡಿ ಕೆಳಗೇ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಿಂದಗಿಯವರಾದ ನಾವು ಮಾತ್ರ ಟವೆಲ್ಲಿಗೇ ನಿಷ್ಠರು.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ಸಿಂದಗಿ ತಾಲೂಕಿನ ಕನ್ನೊಳ್ಳಿ ನನ್ನ ಊರು. ವೃತ್ತಿಯಿಂದ ಜನಜಂಗುಳಿಯ ನಿಯಂತ್ರಕ, ಪ್ರವೃತ್ತಿಯಿಂದ ಮಂದಿಯ ದನಿ ಕದಿಯುವ ಮಿಮಿಕ್ರಿಯವ. ಶಾಲೆಯಲ್ಲಿ ಹೆಡ್ ಮಾಸ್ತರರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮಿ ಬೆಂಚಿನ ಮೇಲೆ ನಿಂತವನು. ಕನ್ನಡಿಯ ಮುಂದೆ ನನ್ನನ್ನೇ ಅನುಕರಿಸಿಕೊಂಡು ‘ಇದ್ಯಾಕೋ ಸರಿ ಬರಲಿಲ್ಲ’ ಎಂದು ಬೇಸರಪಟ್ಟವನು. ಇಂಥವನಿಗೆ ಬೆಂಗಳೂರಿನ ನೆಲದಡಿಯ ಮೆಟ್ರೋ ನಿಲ್ದಾಣವೊಂದರಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿದ್ದು ವಿದ್ಯೆಯ ಬಲದಿಂದಲ್ಲ, ಗಂಟಲಿನ ಬಲದಿಂದ. ಸಂದರ್ಶನದಲ್ಲಿ ‘ಸೀಟಿ ಊದಿ ತೋರಿಸು’ ಎಂದರು. ನಾನು ಸೀಟಿ ಇಲ್ಲದೆಯೇ ಊದಿ ತೋರಿಸಿದೆ.

ನೆಲದಡಿಯ ಗದ್ದಲಕ್ಕೂ ನೆಲದ ಮೇಲಿನ ಗದ್ದಲಕ್ಕೂ ವ್ಯತ್ಯಾಸವಿದೆ, ಓದುಗರೆ. ಮೇಲೆ ಜನ ಹೆಚ್ಚಾದರೆ ಪಕ್ಕದ ಚಹಾದಂಗಡಿಗೋ ಬೇವಿನ ಮರದ ನೆರಳಿಗೋ ಚೆಲ್ಲಿಕೊಳ್ಳುತ್ತಾರೆ. ಕೆಳಗೆ ಚೆಲ್ಲಿಕೊಳ್ಳಲು ಹಳಿಯನ್ನು ಬಿಟ್ಟರೆ ಬೇರೆ ಜಾಗವಿಲ್ಲ. ಕಚೇರಿಗಳು ಬಿಡುವ ಹೊತ್ತಿನಲ್ಲಿ ಎಸ್ಕಲೇಟರ್ ಎಂಬ ನಿರ್ದಯ ಯಂತ್ರ ಜನರನ್ನು ತಂದು ತಂದು ಇಳಿಸುತ್ತಲೇ ಇರುತ್ತದೆ. ಇಳಿದ ಮಹನೀಯನೊಬ್ಬ ಅದರ ಬುಡದಲ್ಲೇ ನಿಂತು ಮೊಬೈಲ್ ತೆಗೆದು, ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ಧ್ಯಾನಸ್ಥನಾದರೆ, ಹಿಂದಿನವರೆಲ್ಲ ಸಾಲಾಗಿ ಅವನ ಬೆನ್ನಿನ ಮೇಲೆ ಬರುತ್ತಾರೆ. ಇನ್ನು ಹಳದಿ ಗೆರೆಯ ಮೇಲೆಯೇ ನಿಂತು, ಬಾಗಿಲು ತೆರೆದ ಕೂಡಲೇ ಇಳಿಯುವವರನ್ನು ಶತ್ರುಸೈನ್ಯದಂತೆ ದಿಟ್ಟಿಸುವ ವೀರರ ಬಗ್ಗೆ ಬರೆಯಲು ಇನ್ನೊಂದು ಪ್ರಬಂಧವೇ ಬೇಕು.

ನಮ್ಮ ಮೇಲ್ವಿಚಾರಕಿ ಮೈಸೂರು ಕಡೆಯ ಶಾಂತಲಾ ಮೇಡಂ ಮೊದಲ ದಿನವೇ ದೀಕ್ಷೆ ಕೊಟ್ಟರು: “ಜನರನ್ನ ಕೆಳಗೆ ತಡೀಬಾರ್ದು ಕಣಪ್ಪ, ಮೇಲೇ ತಡೀಬೇಕು. ಇಳಿಯೋರು ಪೂರ್ತಿ ಇಳಿದು ಜಾಗ ಆಗ್ಲಿ, ಆಮೇಲೆ ಹತ್ತೋರು.” ನಿಡಗುಂದಿಯ ಸೋದರಮಾವನ ಮನೆಯಲ್ಲಿದ್ದು ಆಲಮಟ್ಟಿ ಅಣೆಕಟ್ಟಿನ ಗೇಟುಗಳನ್ನು ನೋಡುತ್ತ ಬೆಳೆದ ನನಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಅಂದಿನಿಂದ ಮೇಲಿನ ದ್ವಾರದಲ್ಲಿ ಹಗ್ಗ ಹಿಡಿದು ನಿಲ್ಲುವುದು, ಕೆಳಗಿನಿಂದ ‘ಬಿಡು’ ಎಂದು ಕೇಳಿಸಿದಾಗ ಬಿಡುವುದು, ನಡುವಿನ ಹೊತ್ತಿನಲ್ಲಿ ನಾನಾ ಭಾಷೆಗಳ ಬೈಗುಳಗಳನ್ನು ಸಂಗ್ರಹಿಸುವುದು ನನ್ನ ಕಾಯಕವಾಯಿತು. ಧ್ವನಿವರ್ಧಕದಲ್ಲಿ ಉಲಿಯುವ ಅಕ್ಕನ ದನಿಯಂತೂ ನನಗೆ ಎಷ್ಟು ಕರಗತವಾಯಿತೆಂದರೆ, ‘ದಯವಿಟ್ಟು ಗಮನಿಸಿ, ವಾರಸುದಾರರಿಲ್ಲದ ಚೀಲ ಕಂಡುಬಂದಲ್ಲಿ ತಕ್ಷಣ ಸಿಬ್ಬಂದಿಗೆ ತಿಳಿಸಿ’ ಎಂದು ನಾನು ಊಟದ ಕೋಣೆಯಲ್ಲಿ ಉಸುರಿದರೆ ಸಹೋದ್ಯೋಗಿಗಳು ತಮ್ಮ ತಮ್ಮ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಹೀಗೆ ಅರ್ಧ ಬೆಂಗಳೂರನ್ನೇ ಹಗ್ಗದಲ್ಲಿ ಕಟ್ಟಿ ಹಾಕಿದ ಹಮ್ಮಿನಿಂದ ಎಳ್ಳಮಾವಾಸ್ಯೆಗೆ ಊರಿಗೆ ಬಂದೆ. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗೆಗಳ ಮುಂದೆ ಎಲ್ಲರೂ ಕೂತಿದ್ದಾಗ ಮೆಟ್ರೋದ ಅಕ್ಕನಿಂದ ಹಿಡಿದು ಮೇಡಂವರೆಗೆ ಎಲ್ಲರ ದನಿ ತೆಗೆದು ನಗಿಸಿದೆ. ಶರಣಪ್ಪ ಕಾಕಾ ಒಬ್ಬ ನಗಲಿಲ್ಲ. ಕೈ ತೊಳೆದುಕೊಂಡು ಬಂದು, ಎದುರಿಗೆ ಕೂತಿದ್ದ ತನ್ನ ಮಗಳು ಸವಿತಾಳ ಕಡೆಗೆ ನೋಡದೆ ಹೇಳಿದ:

“ಈಕಿ ಕಾಲೇಜ ಬಿಡಸ್ತೇನಿ. ಕತ್ತಲಾದ ಮ್ಯಾಲ ಮನಿಗಿ ಬರೂ ಸಾಲಿ ನಮಗ ಬ್ಯಾಡ.”

ವಿಷಯ ಇಷ್ಟು. ಸವಿತಾ ಸಿಂದಗಿಯಲ್ಲಿ ಓದುತ್ತಾಳೆ. ಸಂಜೆ ಕನ್ನೊಳ್ಳಿಯ ಮೇಲೆ ಹಾಯುವ ಬಸ್ಸಿಗೆ ಕಿಟಕಿಯಿಂದ ಟವೆಲ್ಲುಗಳೂ ಬಾಗಿಲಿನಿಂದ ಮೊಣಕೈಗಳೂ ಮೊದಲು ಹತ್ತುವುದರಿಂದ, ಎದೆಗೆ ಪುಸ್ತಕ ಅವುಚಿಕೊಂಡು ಗದ್ದಲ ಕರಗಲೆಂದು ಕಾಯುವ ಇವಳಂಥ ಹುಡುಗಿಯರು ಕೆಳಗೇ ಉಳಿಯುತ್ತಾರೆ. ಮುಂದಿನ ಬಸ್ಸು ಬರುವಷ್ಟರಲ್ಲಿ ಕತ್ತಲು. ಎಮ್ಮೆ ಹಿಂಡುವ ಹೊತ್ತಿನಲ್ಲಿ ಕಾಕಾ ಕ್ರಾಸಿನಲ್ಲಿ ನಿಂತು ಒಂದೊಂದು ಗಾಡಿಯ ದೀಪವನ್ನೂ ದಿಟ್ಟಿಸಬೇಕು.

ಸವಿತಾ ಅಳಲಿಲ್ಲ. ಅವಳ ಸಿಟ್ಟು ನನ್ನ ಕಡೆಗೆ ತಿರುಗಿತು. “ಅಣ್ಣಾ, ಬೆಂಗಳೂರಾಗ ಲಕ್ಷ ಮಂದಿ ಸಂಭಾಳಸ್ತೀನಿ ಅಂತ ಈಗ ಹೇಳಿದಿ. ನಮ್ಮದೊಂದು ಬಸ್ ನಿನ್ನ ಕೈಲೆ ಆಗೂದಿಲ್ಲೇನು? ಇಲ್ಲಾ, ಬರೇ ಬಾಯಿಲೆ ಸಂಭಾಳಸ್ತಿಯೋ?”

ಇಂಥ ಮಾತು ಕೇಳಿದ ಮೇಲೆ ಕೈಯಲ್ಲಿದ್ದ ಹೋಳಿಗೆಯನ್ನು ತಿರುಗಿ ಎಲೆಗೆ ಇಡಬೇಕಾಯಿತು. “ಕಾಕಾ, ನಾ ತಿರುಗಿ ಹೋಗೂದ್ರೊಳಗ ಇದನ್ನ ಸರಿ ಮಾಡ್ತೇನಿ” ಎಂದುಬಿಟ್ಟೆ. ಕಾಕಾ ಒಪ್ಪಿದನೋ ಅಣಕಿಸಿದನೋ ತಿಳಿಯದಂತೆ ತಲೆಯಾಡಿಸಿದ. “ಮಾಡು. ಹೊತ್ತು ಮುಣಗೂದ್ರೊಳಗ ಆಕಿ ಮನಿಯಾಗಿದ್ರ ಕಾಲೇಜ ನಡೀಲಿ. ಇಲ್ಲಂದ್ರ ಇಲ್ಲ.”

ಮೊದಲ ಸಂಜೆ ಸಿಂದಗಿಯ ನಿಲ್ದಾಣಕ್ಕೆ ಸೀಟಿ, ಸೀಮೆಸುಣ್ಣ, ಆತ್ಮವಿಶ್ವಾಸ ಈ ತ್ರಿವಿಧ ಆಯುಧಗಳೊಂದಿಗೆ ಹೋದೆ. ಬಸ್ಸು ನಿಲ್ಲುವಲ್ಲಿ ಉದ್ದಕ್ಕೂ ಗೆರೆ ಎಳೆದು, ಮೆಟ್ರೋದ ಅಕ್ಕನಾಗಿ ಉಲಿದೆ: “ದಯವಿಟ್ಟು ಗಮನಿಸಿ. ಇಳಿಯುವವರಿಗೆ ಮೊದಲು ದಾರಿ ಬಿಡಿ.” ಜನ ಗಮನಿಸಿದರು, ಗಮನಿಸಿ ಚಪ್ಪಾಳೆ ತಟ್ಟಿದರು. “ಇನ್ನೊಮ್ಮೆ ಅನ್ನಲೇ ತಮ್ಮಾ, ಹೆಣ್ಣಿನಂಗ ಭಾಳ ಚೆಂದ ಅಂತಿ” ಎಂದು ಬೇಡಿಕೆ ಬಂತು. ಕಲಾವಿದನ ದೌರ್ಬಲ್ಯ ನಿಮಗೆ ಗೊತ್ತೇ ಇದೆ, ಇನ್ನೊಮ್ಮೆ ಅನ್ನುತ್ತಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಗೆರೆ ಯಾರ ಯಾರ ಅಂಗಾಲಿಗೆ ಹಂಚಿಹೋಯಿತೋ ಕಾಣೆ. ಪ್ರವಾಹ ನನ್ನನ್ನೇ ಎತ್ತಿ ಬಸ್ಸಿನ ಒಳಗೆ ಸೇರಿಸಿ ಬಾಗಿಲು ಹಾಕಿತು. ಬಸ್ಸು ಹೊರಟಿತು. ಜನಜಂಗುಳಿಯ ನಿಯಂತ್ರಕ ಒಳಗೆ, ಸವಿತಾ ಹೊರಗೆ. ಕಿಟಕಿಯಿಂದ ಕಂಡ ಅವಳ ಮುಖವನ್ನು ನಕಲು ಮಾಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮುಂದಿನ ನಿಲುಗಡೆಯಲ್ಲಿ ಇಳಿದು, ಯಾರದೋ ಬೈಕು ಹತ್ತಿ ಹಿಂದಿರುಗಿ, ಅವಳನ್ನು ಕರೆದುಕೊಂಡು ಬರುವಷ್ಟರಲ್ಲಿ ಕತ್ತಲಾಗಿತ್ತು. ಕ್ರಾಸಿನಲ್ಲಿ ಕಾಕಾ ನಿಂತಿದ್ದ. “ಮೊದಲ ಆಕಿ ಒಬ್ಬಾಕಿ ತಡಾ ಮಾಡಿ ಬರ್ತಿದ್ಲು. ಈಗ ಇಬ್ಬರಾದ್ರಿ. ಚಲೋ ಸುಧಾರಣಿ” ಎಂದ.

ಮರುದಿನ ಮೇಡಂನ ತತ್ತ್ವದಂತೆ ಹಗ್ಗವನ್ನೇ ಒಯ್ದೆ. ಬಾಗಿಲಿಗೆ ಅಡ್ಡ ಹಿಡಿದು ನಿಂತೆ. ತಲೆಯ ಮೇಲೆ ಗಂಟು ಹೊತ್ತ ಆಯಿಯೊಬ್ಬಳು ಹಗ್ಗವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಯಾಕೋ, ದನಾ ಕಟ್ಟಾಕ ಬಂದೀ ಏನು? ಬಸ್ ನಿಮ್ಮಪ್ಪಂದೇನು?” ಎಂದು ಹಗ್ಗದ ಕೆಳಗೆ ಬಗ್ಗಿ ನಡೆದಳು. ಅವಳ ಹಿಂದೆ ಲೋಕವೆಲ್ಲ ಬಗ್ಗಿತು. ನನ್ನ ಮೆಟ್ರೋ ಕೆಲಸದ ಸುದ್ದಿ ಕೇಳಿದ್ದ ಕಂಡಕ್ಟರು ಸಂತಾಪದ ದನಿಯಲ್ಲಿ, “ಬಿಡ್ರಿ, ಇದು ಭೂಮಿ ಮ್ಯಾಲಿನ ಬಸ್ಸು. ನಿಮ್ಮ ಆಟ ಭೂಮಿ ಕೆಳಗಷ್ಟs” ಎಂದರು. ಅವತ್ತೂ ಸವಿತಾ, ನಾನು ಇಬ್ಬರೂ ಕತ್ತಲಲ್ಲೇ ಮನೆ ಸೇರಿದೆವು.

ಸೋತವನಿಗೆ ಬೇಗ ಎಚ್ಚರವಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುತ್ತ ಓಣಿಯ ಕಟ್ಟೆಗೆ ಬಂದು ಕೂತೆ. ಅಂದು ನಳಕ್ಕೆ ನೀರು ಬಿಡುವ ದಿನ. ನಳದ ಮುಂದೆ ಕೊಡಗಳು ಪಾಳಿ ಹಚ್ಚಿ ಸಾಲಾಗಿ ಕೂತಿದ್ದವು: ಕೆಂಪು ಪ್ಲಾಸ್ಟಿಕ್ಕಿನದು, ಹಸಿರು, ಸೊಟ್ಟಗಾದ ಹಿತ್ತಾಳೆಯದು, ಎಣ್ಣೆ ಡಬ್ಬಿ, ಕೊಡ ಸಿಗದ ಯಾರೋ ತಮ್ಮ ಬದಲಿಗೆ ಇಟ್ಟ ಒಂದು ಕಲ್ಲು. ಒಡತಿಯರು ಒಬ್ಬರೂ ಅಲ್ಲಿಲ್ಲ. ಕೆಲವರು ಕಸ ಗುಡಿಸುತ್ತಿದ್ದರು, ಕೆಲವರು ರೊಟ್ಟಿ ಬಡಿಯುತ್ತಿದ್ದರು. ಕೊಡಗಳನ್ನು ಯಾರೂ ಕಾಯುತ್ತಿರಲಿಲ್ಲ, ಯಾರೂ ಕದಲಿಸುತ್ತಲೂ ಇರಲಿಲ್ಲ. ಆ ಕಲ್ಲನ್ನು ಕೂಡ! ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟೆ.

ನಾನು ಎರಡು ದಿನ ಮನುಷ್ಯರನ್ನು ಸಾಲಾಗಿ ನಿಲ್ಲಿಸಲು ಹೆಣಗಿದ್ದೆ. ನಮ್ಮ ಮಂದಿ ತಮ್ಮ ಶಿಸ್ತನ್ನು ಮೈಯಲ್ಲಿ ಇಟ್ಟುಕೊಳ್ಳದೆ ಕೊಡದಲ್ಲಿ, ಟವೆಲ್ಲಿನಲ್ಲಿ, ಕಲ್ಲಿನಲ್ಲಿ ಇಟ್ಟು ನಿಶ್ಚಿಂತರಾಗಿರುವವರು. ‘ಜನಕ್ಕೆ ಶಿಸ್ತಿಲ್ಲ’ ಎಂದು ವೇದಿಕೆಗಳಿಂದ ಮರುಗುವವರು ಅದನ್ನು ಎಲ್ಲಿಟ್ಟಿದ್ದಾರೆಂದು ಒಮ್ಮೆ ಹುಡುಕಿ ನೋಡಬೇಕಿತ್ತು. ಸೀಟಿ ಹಿಡಿದು ಮರುಗಿದ ನಾನೂ.

ಮೂರನೆಯ ಸಂಜೆ ಸೀಟಿಯನ್ನು ಮನೆಯಲ್ಲೇ ಬಿಟ್ಟೆ. ಬಸ್ಸಿನ ಬಾಗಿಲು ಬಂದು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಬಿಟ್ಟು, ಹೆಗಲ ಮೇಲಿನ ಟವೆಲ್ಲನ್ನು ಮಡಚಿ ನೆಲದ ಮೇಲೆ ಇಟ್ಟೆ. ಅದರ ಹಿಂದೆ ಸವಿತಾಳ ಚೀಲ. ಅದರ ಹಿಂದೆ ಅವಳ ಗೆಳತಿಯರ ಚೀಲಗಳು. ವಾರಸುದಾರರಿಲ್ಲದ ಚೀಲಗಳ ಈ ಮೆರವಣಿಗೆಯನ್ನು ನಮ್ಮ ಮೇಡಂ ಕಂಡಿದ್ದರೆ ನಿಲ್ದಾಣವನ್ನೇ ಖಾಲಿ ಮಾಡಿಸುತ್ತಿದ್ದರು.

ತಲೆಗೆ ಪಟಕ ಸುತ್ತಿದ ಮುತ್ಯಾ ಒಬ್ಬ ಬಂದು ಬಗ್ಗಿ ನೋಡಿದ. “ಏನೋ ಇದು?”

“ಪಾಳಿ ಐತ್ರಿ ಮುತ್ಯಾ.”

“ಯಾತರದು?”

“ಕನ್ನೊಳ್ಳಿ ಬಸ್ಸಿಂದು.”

ಅವನು ಮತ್ತೇನೂ ಕೇಳಲಿಲ್ಲ. ಕೈಚೀಲವನ್ನು ಕೊನೆಗೆ ಇಟ್ಟು, ಹಗುರಾಗಿ ಚಹಾದಂಗಡಿಗೆ ನಡೆದ. ಆಮೇಲೆ ನಾನು ಬಾಯಿ ತೆರೆಯಬೇಕಾಗಲಿಲ್ಲ. ಬುತ್ತಿಡಬ್ಬಿ ಬಂತು, ಕಸಬರಿಗೆಯ ಕಟ್ಟು ಬಂತು, ಒಂದು ಕುಂಬಳಕಾಯಿ ಬಂದು ತನ್ನ ಪಾಡಿಗೆ ಕೂತಿತು. ನಿನ್ನೆಯ ಆಯಿ ಬಂದು ತಲೆಯ ಮೇಲಿನ ಗಂಟನ್ನು ಇಳಿಸಿ, “ನಿನ್ನೆ ಹಗ್ಗಾ ತಂದಿದ್ದಿ. ಇವತ್ತು ಬುದ್ಧಿ ತಂದಿ” ಎಂದಳು.

ಬಸ್ಸು ನಿಲ್ದಾಣದೊಳಗೆ ಹೊರಳಿತು. ಅದರ ಜೊತೆಗೇ ಓಡಿ ಬಂದ ಬಿಸಿರಕ್ತದ ಯುವಕನೊಬ್ಬ ಕಿಟಕಿಯೊಳಗೆ ಟವೆಲ್ಲು ಎಸೆದ. ಒಬ್ಬನ ಹಿಂದೆ ಎಲ್ಲರೂ ಓಡಿದರೆ ಸವಿತಾಳ ಓದು ಇಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಆಯಿಯ ಗಂಟಲು ಕೇಳಿಸಿತು. ಸೀಟಿ ಇಲ್ಲದೆ ಊದುವ ವಿದ್ಯೆಯಲ್ಲಿ ಅವಳ ಮುಂದೆ ನಾನು ಕೂಸು.

“ಏ ಹುಡುಗಾ! ಪಾಳಿ ಮುರೀತಿ ಏನ್ಲೇ? ನಿಮ್ಮವ್ವ ನಳದ ಮುಂದ ಹಿಂಗs ಮಾಡ್ತಾಳೇನು?”

ನಳದ ಪಾಳಿ ಮುರಿದವರ ಮನೆ ಎಂಬ ಹೆಸರು ನಮ್ಮ ಕಡೆ ಬಹಳ ಕಾಲ ಅಳಿಯುವುದಿಲ್ಲ. ಹುಡುಗ ಸುತ್ತಲಿನ ಮುಖಗಳನ್ನು ನೋಡಿದ. ಕಿಟಕಿಯೊಳಗೆ ಕೈ ತೂರಿ ತನ್ನ ಟವೆಲ್ಲನ್ನು ತಾನೇ ಎಳೆದುಕೊಂಡು, “ನನಗ ಗೊತ್ತಿದ್ದಿಲ್ಲಬೇ” ಎಂದು ಗೊಣಗುತ್ತ ಆಯಿಯ ಗಂಟಿನ ಹಿಂದೆ ಹೋಗಿ ಇಟ್ಟ. ಆ ನಾಲ್ಕು ಹೆಜ್ಜೆಯ ಬಯಲಿನಲ್ಲಿ ಇಳಿಯುವವರು ಮದುವೆಗೆ ಬಂದ ಬೀಗರಂತೆ ಸಾವಕಾಶವಾಗಿ ಇಳಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಸಾಮಾನು ಎತ್ತಿಕೊಂಡು ಹತ್ತಿದರು. ಕಂಡಕ್ಟರು ಬಾಗಿಲಲ್ಲಿ ನಿಂತು, ತಪ್ಪು ಬಸ್ಸಿಗೆ ಬಂದೆನೇನೋ ಎಂಬಂತೆ ಬೋರ್ಡು ನೋಡಿದರು. ಕ್ರಾಸಿನಲ್ಲಿ ಸವಿತಾ ಇಳಿದಾಗ ಜೋಳದ ತೆನೆಗಳ ಮೇಲೆ ಇನ್ನೂ ಬಿಸಿಲಿತ್ತು.

ಕಾಕಾ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. “ನೀ ನಿಂತಿ, ಆತು. ನೀ ಹ್ವಾದ ಮ್ಯಾಲ?” ಎಂದ. ನ್ಯಾಯವಾದ ಪ್ರಶ್ನೆ. ಹಾಗಾಗಿ ಮರುದಿನ ನಾನು ಸಿಂದಗಿಗೆ ಹೋಗಲಿಲ್ಲ. ಕಾಕಾನ ಜೊತೆ ಕ್ರಾಸಿನಲ್ಲೇ ನಿಂತೆ. ನೆಲದಡಿಯಲ್ಲಿ ಎಷ್ಟೋ ರೈಲುಗಳಿಗೆ ಕಾದಿದ್ದೇನೆ, ಯಾವ ರೈಲೂ ಅಷ್ಟು ನಿಧಾನವಾಗಿ ಬರಲಿಲ್ಲ. ಬಸ್ಸು ಬಂದಾಗ ನಮ್ಮಿಬ್ಬರ ನೆರಳು ರಸ್ತೆಯ ಆಚೆಯವರೆಗೆ ಚಾಚಿತ್ತು, ಆದರೆ ನೆರಳಿತ್ತು. ಸವಿತಾ ಇಳಿದಳು.

“ಪಾಳಿ ಯಾರು ಹಚ್ಚಿದ್ರು?” ಕಾಕಾ ಕೇಳಿದ.

“ನಾನs.”

ಕಾಕಾ ಅವಳ ಚೀಲ ಇಸಿದುಕೊಂಡು ಮುಂದೆ ನಡೆದ. ಆ ಚೀಲವೇ ಅವನ ಉತ್ತರವಾಗಿತ್ತು.

ರಜೆ ಮುಗಿದ ದಿನ ವಿಜಯಪುರದ ಬಸ್ಸಿಗೆಂದು ಸಿಂದಗಿಗೆ ಬಂದೆ. ಕಳಿಸಲು ಸವಿತಾ ಬಂದಿದ್ದಳು. ವಿಜಯಪುರದಿಂದ ಮುಂದೆ ರೈಲು ಹಿಡಿಯಬೇಕು. ಮತ್ತೆ ಹಗ್ಗ, ಮತ್ತೆ ಎಸ್ಕಲೇಟರಿನ ಬುಡದ ಧ್ಯಾನಸ್ಥರು. ಮೆಟ್ರೋದಲ್ಲಿ ಹೀಗೆ ಚೀಲ ಇಡುವಂತಿಲ್ಲ ನಿಜ. ಬೆಂಗಳೂರಿನವರೂ ತಮ್ಮ ಶಿಸ್ತನ್ನು ಎಲ್ಲೋ ಇಟ್ಟಿರಲೇಬೇಕು. ಹುಡುಕದೆ ಬಿಡುವುದಿಲ್ಲ ಎಂದು ಲೆಕ್ಕ ಹಾಕುತ್ತಿರುವಾಗಲೇ ಬಸ್ಸು ಬಂತು. ರೈಲು ತಪ್ಪೀತೆಂಬ ಗಾಬರಿಗೆ ಬುದ್ಧಿ ಹಿಂದುಳಿದು ಕೈ ಮುಂದಾಯಿತು. ಹೆಗಲ ಮೇಲಿನ ಟವೆಲ್ಲು ಕಿಟಕಿಯ ಕಡೆಗೆ ಅರ್ಧ ಹಾರಿತ್ತು.

“ದಯವಿಟ್ಟು ಗಮನಿಸಿ” ಎಂದಿತು ಹಿಂದಿನಿಂದ ಮೆಟ್ರೋದ ಅಕ್ಕನ ದನಿ. ಆ ಉಲಿ, ಆ ಬಿಗು, ಕೊನೆಯ ಅಕ್ಷರದ ಆ ತೆಳು ರಾಗ, ಎಲ್ಲವೂ ನನಗಿಂತ ಚೆನ್ನಾಗಿ. “ಕನ್ನೊಳ್ಳಿಯ ಪ್ರಯಾಣಿಕರು ತಮ್ಮ ಟವೆಲ್ಲನ್ನು ಪಾಳಿಯ ಕೊನೆಗೆ ಇಡತಕ್ಕದ್ದು.”

ತಿರುಗಿ ನೋಡಿದರೆ ಸವಿತಾ. ಅವಳ ಕಾಲ ಬಳಿಯಿಂದ ಶುರುವಾಗಿ ಕಂಬದವರೆಗೂ ಚೀಲ, ಗಂಟು, ಡಬ್ಬಿಗಳ ಸಾಲಿತ್ತು. ಕನ್ನೊಳ್ಳಿ ಬಸ್ಸಿನ ಪಾಳಿ ಪಕ್ಕದ ವಿಜಯಪುರದ ಬಸ್ಸಿಗೂ ಹಬ್ಬಿದ್ದು ನನಗೆ ತಿಳಿದಿರಲಿಲ್ಲ. ನಿಲ್ದಾಣವೆಲ್ಲ ನಗುತ್ತಿದ್ದಂತೆ ಹೋಗಿ, ಕೊನೆಯಲ್ಲಿದ್ದ ಕಸಬರಿಗೆಯ ಕಟ್ಟಿನ ಹಿಂದೆ ನನ್ನ ಟವೆಲ್ಲನ್ನು ಮಡಚಿ ಇಟ್ಟೆ.

ಸೀಟು ಸಿಗಲಿಲ್ಲ. ದೇವರ ಹಿಪ್ಪರಗಿ ದಾಟಿದರೂ ಕಂಬಿ ಹಿಡಿದು ನಿಂತೇ ಇದ್ದೆ. ಹೆಗಲ ಮೇಲೆ ಟವೆಲ್ಲು ಜೋತಾಡುತ್ತಿತ್ತು. ಅದೂ ಪಾಪ, ಹುಟ್ಟಿದಾಗಿನಿಂದ ಕೂತೇ ಬಂದಿತ್ತು. ನಿಂತು ಪ್ರಯಾಣ ಮಾಡಿದ್ದು ಇದೇ ಮೊದಲು.