ಹಲಗೆಗೆ ಅಂಟದ ಅವ್ವ

ಅವ್ವ ತೀರಿಕೊಂಡ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಅವಳ ಇಕ್ಕಳ, ಚಹಾ ಸೋಸುವ ಜರಡಿ, ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕುರ್ಪಿ, ಕೀಲಿಕೈ ಗೊಂಚಲು ಎಲ್ಲವನ್ನೂ ಒಂದು ಹಲಗೆಗೆ ಅಂಟಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದೆ. ಚೆಂದವಾಗಿಯೇ ಇತ್ತು. ಆದರೂ ಹೋಗುವಾಗ ಬರುವಾಗ ಅದನ್ನು ಕಂಡರೆ ಸಿಟ್ಟು ಬರುತ್ತಿತ್ತು. ಕುರ್ಪಿಯನ್ನು ಕಿತ್ತು ಮೇಲೆ ಅಂಟಿಸಿದೆ, ಮತ್ತೆ ಕೆಳಗೆ ತಂದೆ. ಸಮಾಧಾನವಾಗಲಿಲ್ಲ.

ತಿರ್ಲಾಪುರದಿಂದ ಬಂದ ಚಿಗವ್ವ, ಅವ್ವನ ತಂಗಿ, ಅದನ್ನು ನೋಡಿ ಅತ್ತಾಳು ಅಂದುಕೊಂಡಿದ್ದೆ. ನಕ್ಕುಬಿಟ್ಟಳು.

“ನಿಮ್ಮವ್ವ ಯಾವಾಗರ ಹಿಂಗ ಒಂದ ಕಡೆ ಕುಂತಿದ್ಲೇನಲೇ?”

ಆ ಮಧ್ಯಾಹ್ನವೇ ಎಲ್ಲವನ್ನೂ ಚಾಕುವಿನಿಂದ ಕಿತ್ತೆ. ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಒಂದು ಕೋಲು ಕಟ್ಟಿ, ಒಂದೊಂದನ್ನೂ ದಾರದಲ್ಲಿ ಇಳಿಬಿಟ್ಟೆ. ಹೊಲದ ಕಡೆಯಿಂದ ಗಾಳಿ ಬಂತು. ಇಕ್ಕಳ ಜರಡಿಗೆ ಬಡಿಯಿತು, ಕೀಲಿಕೈಗಳು ಗಿಲಕ್ಕೆಂದವು. ಒಳಗೆ ಯಾರೋ ಗಡಿಬಿಡಿಯಲ್ಲಿ ಓಡಾಡಿದಂತಾಯಿತು.

ಹೊರಗೆ ಕಟ್ಟೆಯ ಮೇಲೆ ತೂಕಡಿಸುತ್ತಿದ್ದ ಅಪ್ಪ ಅಲ್ಲಿಂದಲೇ ಕೂಗಿದ: “ಏ, ಎಷ್ಟ ಓಡ್ಯಾಡ್ತಿ? ಚಹಾ ಆತೇನ?”

ಚಿಗವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ನಾನೇ ಹೋಗಿ ಚಹಾಕ್ಕಿಟ್ಟೆ. ಅದು ಉಕ್ಕಿ ಬಂದಾಗ, ಇಳಿಸಲು ಇಕ್ಕಳವನ್ನೂ ಸೋಸಲು ಜರಡಿಯನ್ನೂ ದಾರದಿಂದ ಬಿಚ್ಚಿಕೊಂಡೆ.