ಎಂಟೇ ಅಕ್ಷರದ ಹೆಸರು

ಕೆಮ್ಮಣ್ಣು ಊರಿನ ಸೆಲೀನ್ ಮಣಿಪಾಲದ ಒಂದು ಸಣ್ಣ ಕಂಪ್ಯೂಟರ್ ಕಂಪೆನಿಗೆ ಸೇರಿದ್ದು ಟೈಪಿಸ್ಟ್ ಆಗಿ. ೧೯೯೮ರಲ್ಲಿ ಆ ಕಂಪೆನಿ ಶಾಲೆಗಳಿಗೆಂದು ಹಾಜರಿ, ಅಂಕ, ಶುಲ್ಕದ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್ ಮಾಡಿತು. ಅದನ್ನು ಫ್ಲಾಪಿಗಳಿಗೆ ತುಂಬಿಸಿ, ಶಾಲೆಗೆ ಹೋಗಿ ಹಾಕಿಕೊಟ್ಟು ಬರುವ ಕೆಲಸ ಸೆಲೀನಳ ಪಾಲಿಗೆ ಬಂತು.

ಮೊದಲ ಶಾಲೆ ಕಾರ್ಕಳದ ಹತ್ತಿರದ್ದು. ಮರುದಿನವೇ ಅಲ್ಲಿನ ಗುಮಾಸ್ತ ಶೀನಣ್ಣನ ಫೋನ್ ಬಂತು.

"ಇದೆಂತ ಮೇಡಂ? ಹಾಜರಿ ಕೇಳಿದರೆ ಗಣಿತದ ಅಂಕ ತೋರಿಸ್ತದೆ. ಒಬ್ಬ ಹುಡುಗ ತಿಂಗಳಿಗೆ ತೊಂಬತ್ತೆರಡು ದಿನ ಶಾಲೆಗೆ ಬಂದಿದ್ದಾನೆ ಮಾರಾಯ್ರೆ!"

ಸೆಲೀನಳಿಗೆ ನಗು ತಡೆಯಲಾಗಲಿಲ್ಲ. ಫೋನ್ ಇಟ್ಟವಳೇ ವಿಷಯ ಹೇಳಲು ಒಳಗೆ ಓಡಿದಳು. ಪ್ರೋಗ್ರಾಂ ಬರೆದ ಆಶ್ಲಿ, "ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಉಂಟಲ್ಲ" ಎಂದ.

ಹಾಗಾದರೆ ತಪ್ಪು ಫ್ಲಾಪಿಯಲ್ಲಿರಬೇಕು. ಅವಳು ಕೂತು ಫೈಲುಗಳನ್ನು ಎಣಿಸಿದಳು. ನಲವತ್ತೆರಡು ಇರಬೇಕಿತ್ತು, ನಲವತ್ತೊಂದೇ ಇದ್ದವು. ಫ್ಲಾಪಿ ತುಂಬಿಸುವ ಆ ಹಳೆಯ ಪ್ರೋಗ್ರಾಂ ಯಾವ ಹೆಸರನ್ನಾದರೂ ಎಂಟು ಇಂಗ್ಲಿಷ್ ಅಕ್ಷರಕ್ಕೆ ಕತ್ತರಿಸುತ್ತಿತ್ತು. 'ವಿದ್ಯಾರ್ಥಿ ಹಾಜರಿ', 'ವಿದ್ಯಾರ್ಥಿ ಅಂಕ' ಎರಡೂ VIDYARTH ಆಗಿ, ಎರಡನೆಯದು ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತ್ತು!

"ಎಲ್ಲದಕ್ಕೂ ಗಿಡ್ಡ ಹೆಸರು ಇಡುವ" ಎಂದಳು ಸೆಲೀನ್.

"ನಲವತ್ತೆರಡಕ್ಕೂ?" ಆಶ್ಲಿ ತಲೆ ಹಿಡಿದುಕೊಂಡ.

"ನಮ್ಮ ಮನೆಯಲ್ಲಿ ತಂಗಿ ಪ್ಯಾಟ್ರಿಶಿಯಾಳನ್ನು ಪ್ಯಾಟ್ಸಿ ಅಂತಲೇ ಕರೆಯುವುದು. ಅವಳಿಗೇನೂ ಕಡಿಮೆಯಾಗಲಿಲ್ಲ."

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಶುರುವಾಯಿತು. HAJARI, ANKA, SHULKA. ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಇಡೀ ಆಫೀಸು ಸುತ್ತ ನಿಂತಿತು. 'ವರ್ಗಾವಣೆ ಪತ್ರ'ಕ್ಕೆ ಏನು ಮಾಡಿದರೂ ಒಂದಕ್ಷರ ಹೆಚ್ಚು. ಕಂಪೆನಿಯ ಯಜಮಾನ ಲಿಯೋನೆಲ್ ಅನ್ನ ಕಲಸುತ್ತಲೇ "ಟೀಸಿ ಅಂತ ಬರಿ, ಮುಗಿಯಿತು!" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಆಶ್ಲಿ ಗೊಣಗುತ್ತಲೇ ಪ್ರೋಗ್ರಾಮಿನೊಳಗೂ ಹೆಸರುಗಳನ್ನು ಬದಲಿಸಿದ. ಶನಿವಾರ ಸೆಲೀನ್ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ ಹೊಸ ಫ್ಲಾಪಿ ಹಾಕಿದಳು. ಹಾಜರಿ ಹಾಜರಿಯಾಗಿ, ಅಂಕ ಅಂಕವಾಗಿ ಬಂತು. ಶೀನಣ್ಣ ಮುಖ್ಯೋಪಾಧ್ಯಾಯಿನಿಯನ್ನು ಕೂಗಿ ಕರೆದು ತೋರಿಸಿದರು.

ಅಂದಿನಿಂದ ಸೆಲೀನ್ ಒಪ್ಪದೆ ಯಾವ ಫೈಲಿಗೂ ಹೆಸರು ಬೀಳುತ್ತಿರಲಿಲ್ಲ. ಅವಳನ್ನು ಟೈಪಿಸ್ಟ್ ಎಂದು ಯಾರೂ ಕರೆಯಲೂ ಇಲ್ಲ. ಹತ್ತನೆಯ ಶಾಲೆ ಮುಗಿದ ದಿನ ಲಿಯೋನೆಲ್ ಎಲ್ಲರನ್ನೂ ಕಾಪುವಿನ ಕಡಲತೀರಕ್ಕೆ ಕರೆದುಕೊಂಡು ಹೋದರು. ಸೆಲೀನ್ ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲರಿಗಿಂತ ಮೊದಲು ದೀಪಸ್ತಂಭದ ಬಂಡೆ ಹತ್ತಿ ನಿಂತು, "ಬನ್ನಿ, ಬೇಗ ಬನ್ನಿ!" ಎಂದು ಕೂಗಿದಳು.