ಪೇಟೆಯ ಬಾಗಿಲು ಎತ್ತುವ ಶಟರ್ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಬೇಕರಿಯ ಶಟರ್ ಮೊಣಕಾಲೆತ್ತರಕ್ಕೆ ಬಂದು ಮೊಂಡು ಹಿಡಿದು ನಿಂತಿದೆ. ಒಳಗೆ ನುಸುಳಿರುವ ಬೇಕರಿಯವರು ಬಿಸಿ ಬ್ರೆಡ್ಡಿನ ಟ್ರೇ ಜೋಡಿಸುತ್ತ, ಗಳಿಗೆಗೊಮ್ಮೆ ಬಗ್ಗಿ ಹೊರಗೆ ಇಣುಕುತ್ತಾರೆ. ತಲೆಗೆ ಬಟ್ಟೆ ಬಿಗಿದ ಹೆಂಗಸೊಬ್ಬಳು ಏಣಿಯ ಮೇಲೆ ನಿಂತು, ಸೊಟ್ಟಗಾದ ಪಟ್ಟಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದಾಳೆ.

“ಅಕ್ಕಾ, ಗಿರಾಕಿಗಳು ಬರೋ ಹೊತ್ತಾಯ್ತು.”

“ಬರ್ಲಿ ಬಿಡಿ. ಇವತ್ತೊಂದಿನ ತಲೆ ಬಗ್ಗಿಸಿ ತಗೊಂಡು ಹೋಗ್ಲಿ.”

ಮಾತು ಮುಗಿಯುವಷ್ಟರಲ್ಲಿ ಶಟರ್ ಸರ್ರನೆ ಮೇಲೇರುತ್ತದೆ. ಇಡೀ ಪೇಟೆಗೆ ಇವಳು ಶಟರ್ ಅಕ್ಕ. ಹೆತ್ತವರು ಇಟ್ಟ ಹೆಸರಿನಿಂದ ಕರೆಯುವುದು ಈಗ ಅಪ್ಪ ಒಬ್ಬರೇ.

ಕಸುಬೂ ಅಪ್ಪನದೇ. ಅವರು ಹತ್ತುತ್ತಿದ್ದರು, ಇವಳು ಏಣಿ ಹಿಡಿಯುತ್ತಿದ್ದಳು. ಅವರ ಕಣ್ಣು ಮಂಜಾದ ಮೇಲೆ ಇವಳೇ ಹತ್ತಿದಳು. ಮೊದಮೊದಲು ಕರೆಯುವವರಿರಲಿಲ್ಲ. “ಹೆಂಗಸಿಗ್ಯಾಕಮ್ಮ ಈ ಉಸಾಬರಿ ಅನ್ನೋರು. ಹೊರಗಿನ ರಿಪೇರಿಯೋರು ಬಂದು ಕೆಡಿಸಿ ಹೋದ್ಮೇಲೆ ನನ್ನ ನೆನಪಾಗೋದು” ಎಂದು ನಗುತ್ತಾಳೆ.

ಅವಳನ್ನು ವರ್ತಕರ ಸಂಘಕ್ಕೆ ಕರೆದವರು ಸಂಘದ ಕಾರ್ಯದರ್ಶಿ, ಬಟ್ಟೆ ಅಂಗಡಿಯ ಯಜಮಾನರು. “ಏಣಿ ಹತ್ತೋಳಿಗೆ ಸಂಘ ಯಾಕೆ ಸಾರ್?” ಎಂದು ಇವಳು ಜಾರಿಕೊಳ್ಳಲು ನೋಡಿದಳು. “ನೀನೂ ದುಡಿದು ವ್ಯಾಪಾರ ಮಾಡೋಳೇ ಅಲ್ವೇನಮ್ಮ? ಬಂದು ಕೂತ್ಕೋ, ಬೇಡ ಅನಿಸಿದ್ರೆ ಎದ್ದು ಹೋಗು” ಎಂದರು ಅವರು.

ಕೂತದ್ದು ವ್ಯರ್ಥವಾಗಲಿಲ್ಲ. ಸ್ಪ್ರಿಂಗ್ ತರಿಸಲು ದೂರದ ಊರಿಗೆ ಹೇಳಿ ಕಾಯುತ್ತಿದ್ದವಳ ಪಕ್ಕದ ಕುರ್ಚಿಯಲ್ಲೇ ಹಾರ್ಡ್‌ವೇರ್ ಅಂಗಡಿಯವರು ಸಿಕ್ಕರು. “ಇಷ್ಟು ದಿನ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?” ಎಂದು ಗದರಿ, ತಾವೇ ತರಿಸಿಡತೊಡಗಿದರು. ಬೋರ್ಡ್ ಬರೆಯುವ ಪೇಂಟರ್ ತನ್ನ ಗಿರಾಕಿಗಳಿಗೆ ಇವಳ ನಂಬರ್ ಕೊಟ್ಟ. ಇವಳು ಅವನದನ್ನು ಹಂಚಿದಳು.

ಹೀಗಿರುವಾಗ ಗಡಿಯಾರದ ಅಂಗಡಿಯಲ್ಲಿ ಕಳವಾಯಿತು. ಬೀಗ ಒಡೆದಿರಲಿಲ್ಲ, ಶಟರ್ ಬಾಗಿರಲಿಲ್ಲ. ಪೇಟೆಯಲ್ಲಿ ಗುಸುಗುಸು ಎದ್ದಿತು: ಶಟರಿನ ಗುಟ್ಟು ಗೊತ್ತಿರೋದು ಇನ್ಯಾರಿಗೆ? ಕರೆಗಳು ನಿಂತವು. ನಿನ್ನೆಯವರೆಗೆ ಟೀ ಕೊಟ್ಟು ಕೂರಿಸುತ್ತಿದ್ದವರು ಮುಖ ತಿರುಗಿಸಿದರು.

ಸಂಘದ ಹೆಸರು ಕೆಡಬಾರದೆಂದು ಅವಳು ಸದಸ್ಯತ್ವದ ಕಾರ್ಡ್ ಹಿಂದಿರುಗಿಸಲು ಹೋದಳು. ಕಾರ್ಯದರ್ಶಿ ಅದನ್ನು ಮುಟ್ಟಲಿಲ್ಲ. ಅಂದೇ ಸಭೆ ಕರೆದರು. ಗಡಿಯಾರದ ಅಂಗಡಿಯವರೂ ಬಂದರು.

“ಬೆನ್ನ ಹಿಂದೆ ಮಾತಾಡೋದ್ಯಾಕಣ್ಣಾ? ನನ್ನನ್ನೇ ಕೇಳಿ” ಎಂದಳು ಇವಳು.

ಅವರು ತಲೆ ಎತ್ತಲಿಲ್ಲ. “ಅನುಮಾನ ಬಂತು, ಬಾಯಿ ತಪ್ಪಿ ಅಂದ್ಬಿಟ್ಟೆ” ಎಂದರು.

“ಪುರಾವೆ ಇದ್ರೆ ಪೊಲೀಸರಿಗೆ ಕೊಡಿ. ಇಲ್ದಿದ್ರೆ ಈಕೆ ನಮ್ಮೋಳು” ಎಂದರು ಕಾರ್ಯದರ್ಶಿ. ಮರುದಿನ ಬೆಳಿಗ್ಗೆ, ಏನೂ ಕೆಟ್ಟಿರದ ತಮ್ಮ ಶಟರನ್ನೇ ನಾಲ್ಕು ಜನರೆದುರು ಅವಳಿಂದ ಬಿಚ್ಚಿಸಿ ಎಣ್ಣೆ ಹಾಕಿಸಿದರು. ಮಧ್ಯಾಹ್ನದೊಳಗೆ ಇನ್ನೆರಡು ಕರೆ ಬಂದವು.

ಕೊನೆಗೆ ಸಿಕ್ಕಿಬಿದ್ದವನು ಗಡಿಯಾರದ ಅಂಗಡಿಯ ಹಳೆಯ ಕೆಲಸಗಾರ. ಕೀಲಿಯ ನಕಲು ಮಾಡಿಸಿಕೊಂಡಿದ್ದ. ಅಂಗಡಿಯವರು ಮನೆಗೆ ಬಂದು ಅಪ್ಪನ ಮುಂದೆ ಕೈ ಜೋಡಿಸಿದರು. “ನನ್ನ ಹತ್ರ ಅಲ್ಲಪ್ಪಾ, ಅಗೋ ಅವಳ ಹತ್ರ ಹೇಳು” ಎಂದರು ಅಪ್ಪ. ಅವಳು ಕುರ್ಚಿ ಎಳೆದು ಕೊಟ್ಟಳು. “ಕೋಪ ಇತ್ತು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಮನೆ ಹುಡುಕ್ಕೊಂಡು ಬಂದೋರನ್ನ ನಿಲ್ಲಿಸಿ ಮಾತಾಡ್ಸೋಕಾಗುತ್ತಾ?”

ಈಗ ಶಟರ್ ಕೆಡುವ ಮೊದಲೇ ಸದಸ್ಯರ ಅಂಗಡಿಗಳನ್ನು ಸರದಿಯಂತೆ ನೋಡಿ ಬರುವ ಕೆಲಸವನ್ನು ಸಂಘ ಅವಳಿಗೇ ವಹಿಸಿದೆ. ದಿನಕ್ಕೆ ನಾಲ್ಕೈದು ಅಂಗಡಿಯಾದರೂ ಆಗುತ್ತದೆ.

ಮುಂದೇನಾಸೆ ಎಂದರೆ ಸ್ವಲ್ಪ ನಾಚುತ್ತಾಳೆ. “ಪುಟ್ಟದಾದ್ರೂ ನಂದೇ ಅಂತ ಒಂದು ಅಂಗಡಿ. ಅದರ ಶಟರ್ ಬೆಳಿಗ್ಗೆ ನಾನೇ ಎತ್ಬೇಕು.”

ಅದು ಕೆಟ್ಟರೆ?

“ಕಾಯ್ಲಿ ಬಿಡಿ” ಎಂದು ಏಣಿ ಹೆಗಲಿಗೇರಿಸುತ್ತಾಳೆ. “ಮೊದಲು ಪೇಟೆ ತೆರೀಬೇಕಲ್ಲ.”